ಹೊಸ ಲ್ಯಾಪ್‌ಟಾಪ್‌ನಲ್ಲಿ ಪದೇ ಪದೇ ಮುಚ್ಚಿಕೊಳ್ಳುವ ಇ-ಮೇಲ್ ತಂತ್ರಾಂಶ: ದುರಸ್ತಿಯ ಕ್ರಮ

ಹಳೆಯ ಗಣಕಯಂತ್ರದ ಬದಲಿಗೆ ಹೊಸ ಲ್ಯಾಪ್‌ಟಾಪ್ ಬಂದಾಗ, ಹಳೆಯದರಲ್ಲಿದ್ದ ಥಂಡರ್‌ಬರ್ಡ್ ಪ್ರೊಫೈಲನ್ನು ಯಥಾವತ್ತಾಗಿ ನಕಲಿಸಿಕೊಳ್ಳುವುದು ವಾಡಿಕೆ. ಅನಂತರ ತಂತ್ರಾಂಶವು ತೆರೆದ ಕ್ಷಣದಲ್ಲೇ ಮುಚ್ಚಿಕೊಳ್ಳತೊಡಗಿದರೆ ಸಿಬ್ಬಂದಿ ಮೊದಲು ಮಾಡುವ ಕೆಲಸ ಅದನ್ನು ತೆಗೆದುಹಾಕಿ ಪುನಃ ಸ್ಥಾಪಿಸುವುದು. ಇದರಿಂದ ಬಹುತೇಕ ಪ್ರಯೋಜನವಾಗದು. ಖಾತೆಯ ವಿವರ, ಪತ್ರಗಳು, ಆಡ್-ಆನ್‌ಗಳು ಇವೆಲ್ಲವೂ ಪ್ರೊಫೈಲ್ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿರುತ್ತವೆ. ತಂತ್ರಾಂಶವನ್ನು ತೆಗೆದರೂ ಆ ಫೋಲ್ಡರ್ ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತದೆ, ಅದರೊಡನೆ ದೋಷವೂ ಉಳಿಯುತ್ತದೆ. ಬೇಸತ್ತು ಪ್ರೊಫೈಲನ್ನೇ ಅಳಿಸುವುದು ಇದಕ್ಕಿಂತ ಅಪಾಯಕರ.

ಆದುದರಿಂದ ದುರಸ್ತಿಗೆ ಮೊದಲು ತಿಳಿಯಬೇಕಾದುದು ಪತ್ರಗಳು ವಾಸ್ತವವಾಗಿ ಎಲ್ಲಿವೆ ಎಂಬುದು. ಐಮ್ಯಾಪ್ ವಿಧಾನದಲ್ಲಿ ಮೂಲ ಪತ್ರ ಸರ್ವರ್‌ನಲ್ಲಿರುತ್ತದೆ, ಲ್ಯಾಪ್‌ಟಾಪ್‌ನಲ್ಲಿರುವುದು ಅದರ ಪ್ರತಿ. ಪಾಪ್ ವಿಧಾನದಲ್ಲಿ ಪತ್ರವು ಗಣಕಯಂತ್ರಕ್ಕೆ ಇಳಿದ ಬಳಿಕ, ಸಂಯೋಜನೆಗೆ ಅನುಸಾರವಾಗಿ, ಸರ್ವರ್‌ನಿಂದ ಅಳಿಸಿಹೋಗಬಹುದು. ಬ್ರೌಸರ್ ಮೂಲಕ ಅದೇ ಖಾತೆಗೆ ಪ್ರವೇಶಿಸಿ ಕಳೆದ ವರ್ಷದ ಪತ್ರಗಳು ಕಾಣುತ್ತವೆಯೇ ಎಂದು ನೋಡಿದರೆ ಸಾಕು. ಕಾಣದಿದ್ದಲ್ಲಿ ಲ್ಯಾಪ್‌ಟಾಪ್‌ನಲ್ಲಿರುವುದೇ ಏಕೈಕ ಪ್ರತಿಯೆಂದು ಭಾವಿಸತಕ್ಕದ್ದು. ‘ಲೋಕಲ್ ಫೋಲ್ಡರ್ಸ್’ಗೆ ಸರಿಸಿಟ್ಟ ಪತ್ರಗಳಂತೂ ಯಾವ ವಿಧಾನದಲ್ಲೂ ಸರ್ವರ್‌ನಲ್ಲಿ ಇರುವುದಿಲ್ಲ.

ಇದು ಕೇವಲ ತಾಂತ್ರಿಕ ಎಚ್ಚರಿಕೆಯಲ್ಲ. ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣವು ವಿದ್ಯುನ್ಮಾನ ಮಾಧ್ಯಮದ ಮೂಲಕವೂ ಅರ್ಜಿ ಸಲ್ಲಿಸಲು ಅವಕಾಶ ನೀಡಿದೆ. ಮಾಹಿತಿ ಒದಗಿಸಲು 7ನೇ ಪ್ರಕರಣದಲ್ಲಿರುವ ಸಾಮಾನ್ಯ ಅವಧಿ 30 ದಿನ. ಸಮಂಜಸ ಕಾರಣವಿಲ್ಲದೆ ತಡವಾದರೆ 20ನೇ ಪ್ರಕರಣದಂತೆ ದಿನಕ್ಕೆ 250 ರೂ., ಗರಿಷ್ಠ 25,000 ರೂ. ದಂಡವು ಮಾಹಿತಿ ಅಧಿಕಾರಿಯ ಮೇಲೆ ಬೀಳುತ್ತದೆ, ಕಚೇರಿಯ ಮೇಲಲ್ಲ. ತಂತ್ರಾಂಶ ತೆರೆಯಲಿಲ್ಲ ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ.

ತಂತ್ರಾಂಶವನ್ನು ಮುಚ್ಚಿ, ವಿಂಡೋಸ್ ಕೀಲಿಯೊಡನೆ ‘ಆರ್’ ಒತ್ತಿ, ಎರಡು ಶೇಕಡಾ ಚಿಹ್ನೆಗಳ ನಡುವೆ ‘ಆಪ್‌ಡೇಟಾ’ ಎಂದು ಇಂಗ್ಲಿಷಿನಲ್ಲಿ ಬೆರಳಚ್ಚಿಸಿದರೆ ತೆರೆಯುವ ಜಾಗದಲ್ಲಿ ಥಂಡರ್‌ಬರ್ಡ್ ಫೋಲ್ಡರ್ ಸಿಗುತ್ತದೆ. ಅದನ್ನು ಪೂರ್ಣವಾಗಿ ಹೊರಗಿನ ಡಿಸ್ಕ್‌ಗೆ ನಕಲಿಸಬೇಕು. ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಅದರಲ್ಲಿರುವುದರಿಂದ ಆ ಡಿಸ್ಕ್ ಮೇಜಿನ ಮೇಲೆ ಬಿದ್ದಿರಬಾರದು.

ಮುಂದಿನ ಹೆಜ್ಜೆ ದೋಷವಿರುವ ಪಾಲನ್ನು ಗುರುತಿಸುವುದು. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಥಂಡರ್‌ಬರ್ಡ್ ತೆರೆದರೆ ‘ಟ್ರಬಲ್‌ಶೂಟ್ ಮೋಡ್’ ಎಂಬ ಆಯ್ಕೆ ಬರುತ್ತದೆ. ಆ ಸ್ಥಿತಿಯಲ್ಲಿ ಆಡ್-ಆನ್‌ಗಳೂ ಹಾರ್ಡ್‌ವೇರ್ ಆಕ್ಸಲರೇಷನ್ ಕೂಡ ತಾತ್ಕಾಲಿಕವಾಗಿ ನಿಂತಿರುತ್ತವೆ. ಆಗ ತಂತ್ರಾಂಶ ಸುಸ್ಥಿತಿಯಲ್ಲಿ ನಡೆದರೆ ಪತ್ರಗಳಲ್ಲಿ ದೋಷವಿರುವ ಸಂಭವ ಕಡಿಮೆ, ಸಂಶಯ ಇವೆರಡರ ಮೇಲೆ. ಹಳೆಯ ಯಂತ್ರದಿಂದ ಬಂದ ಆಡ್-ಆನ್‌ಗಳು ಹೊಸ ಆವೃತ್ತಿಗೆ ಹೊಂದದಿರಬಹುದು. ಎಲ್ಲವನ್ನೂ ನಿಲ್ಲಿಸಿ, ಒಂದೊಂದಾಗಿ ಚಾಲೂ ಮಾಡಿ ಪರೀಕ್ಷಿಸಬೇಕು. ಅವು ನಿರ್ದೋಷಿಯಾದರೆ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆಯ್ಕೆಯ ಗುರುತನ್ನು ತೆಗೆದು, ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಗ್ರಾಫಿಕ್ಸ್ ಡ್ರೈವರನ್ನು ನವೀಕರಿಸಬೇಕು. ಹೊಸ ಯಂತ್ರದಲ್ಲಿ ಡ್ರೈವರ್ ಹಳೆಯದಾಗಿರುವುದು ವಿಚಿತ್ರವೆನಿಸಿದರೂ, ಕಾರ್ಖಾನೆಯಿಂದ ಹೊರಟ ದಿನದ ಡ್ರೈವರೇ ಅದರಲ್ಲಿ ಉಳಿದಿರುವುದುಂಟು.

ಆ ಸ್ಥಿತಿಯಲ್ಲೂ ಒಂದು ನಿರ್ದಿಷ್ಟ ಫೋಲ್ಡರನ್ನು ಒತ್ತಿದಾಗಲೇ ಮುಚ್ಚಿಕೊಂಡರೆ ಅದರ ಸೂಚಿ ಕೆಟ್ಟಿರುವ ಸಾಧ್ಯತೆ ಹೆಚ್ಚು. ಪ್ರೊಫೈಲಿನಲ್ಲಿ ಇನ್‌ಬಾಕ್ಸ್ ಹೆಸರಿನ ಎರಡು ಕಡತಗಳಿರುತ್ತವೆ: ವಿಸ್ತರಣೆಯಿಲ್ಲದ ಕಡತದಲ್ಲಿರುವುದು ಪತ್ರಗಳು, ‘ಎಂಎಸ್‌ಎಫ್’ ವಿಸ್ತರಣೆಯದು ಆವಕ ವಹಿಯ ವಿಷಯಸೂಚಿಯಿದ್ದಂತೆ. ತಂತ್ರಾಂಶ ಮುಚ್ಚಿರುವಾಗ ಎರಡನೆಯದನ್ನು ಅಳಿಸಿದರೆ ಮುಂದೆ ತೆರೆದಾಗ ತಾನಾಗಿ ಮರುರಚನೆಯಾಗುತ್ತದೆ. ಮೊದಲನೆಯದನ್ನು ಮುಟ್ಟಲೇಬಾರದು. ಸಾಮಾನ್ಯ ಸಂಯೋಜನೆಯಲ್ಲಿ ಇಡೀ ಇನ್‌ಬಾಕ್ಸ್ ಒಂದೇ ಕಡತವಾಗಿರುವುದರಿಂದ, ಯಾವುದೋ ಒಂದು ಪತ್ರದ ಲಗತ್ತಿನಲ್ಲಿ ವೈರಸ್ ಕಂಡ ಆಂಟಿವೈರಸ್ ಆ ಕಡತವನ್ನೇ ಪ್ರತ್ಯೇಕಿಸಿಬಿಡಬಹುದು. ಪತ್ರಗಳೆಲ್ಲ ಒಮ್ಮೆಲೇ ಮಾಯವಾದರೆ ಆಂಟಿವೈರಸ್‌ನ ಕ್ವಾರಂಟೈನ್ ಪಟ್ಟಿಯನ್ನು ನೋಡಬೇಕು.

ಇಷ್ಟಾದರೂ ಸರಿಹೋಗದಿದ್ದಲ್ಲಿ ವಿಂಡೋಸ್‌ನ ‘ರಿಲಯಬಿಲಿಟಿ ಮಾನಿಟರ್’ ತೆರೆದು, ಕೆಂಪು ಗುರುತಿನ ಮುಂದಿರುವ ಫಾಲ್ಟಿಂಗ್ ಮಾಡ್ಯೂಲ್ ಹೆಸರನ್ನು ಬರೆದುಕೊಂಡು ತಾಂತ್ರಿಕ ಸಿಬ್ಬಂದಿಗೆ ತಿಳಿಸಬೇಕು. ದುರಸ್ತಿ ಮುಗಿಯುವವರೆಗೆ ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ಬ್ರೌಸರ್ ಮೂಲಕ ಖಾತೆಯನ್ನು ತೆರೆದು, ಬಂದ ಪತ್ರಗಳನ್ನು ಅವು ತಲುಪಿದ ದಿನಾಂಕದೊಡನೆ ಆವಕ ವಹಿಯಲ್ಲಿ ನಮೂದಿಸತಕ್ಕದ್ದು.