ಕಲ್ಲುಸಕ್ಕರೆ ಮತ್ತು ಸೈಂಧವ: ಖನಿಜವನ್ನು ಅರಿಯುವ ಬಗೆ

ಕಲ್ಲುಸಕ್ಕರೆಯ ಹರಳೊಂದನ್ನೂ ಸೈಂಧವ ಲವಣದ ತುಂಡೊಂದನ್ನೂ ಒಂದೇ ತಟ್ಟೆಯಲ್ಲಿಟ್ಟರೆ ಎರಡೂ ಕಲ್ಲಿನಂತೆಯೇ ತೋರುತ್ತವೆ. ಎರಡೂ ಗಟ್ಟಿ, ಎರಡಕ್ಕೂ ಹೊಳಪುಂಟು, ಎರಡೂ ನೀರಿನಲ್ಲಿ ಕರಗುತ್ತವೆ. ಆದರೂ ಒಂದು ಖನಿಜ, ಇನ್ನೊಂದು ಅಲ್ಲ. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ-ಸಕ್ಕರೆ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನು ತ್ಯಜಿಸುವ ಶ್ರಾವಕನಿಗೆ ಈ ಭೇದವು ತಿಳಿದಿರುವುದು ಅಗತ್ಯ.

ಖನಿಜಕ್ಕೆ ಐದು ಲಕ್ಷಣಗಳುಂಟು. ಅದು ನಿಸರ್ಗದಲ್ಲಿ ತಾನಾಗಿ ಉಂಟಾಗಿರಬೇಕು, ಘನವಾಗಿರಬೇಕು, ಸಸ್ಯ-ಪ್ರಾಣಿಗಳಿಂದ ಹುಟ್ಟಿರಬಾರದು, ಅದರ ರಾಸಾಯನಿಕ ರಚನೆ ನಿಶ್ಚಿತವಾಗಿರಬೇಕು, ಅದರೊಳಗೆ ಪರಮಾಣುಗಳು ಕ್ರಮಬದ್ಧವಾಗಿ ಜೋಡಣೆಗೊಂಡಿರಬೇಕು. ಇಟ್ಟಿಗೆಯು ಮೊದಲನೆಯ ಲಕ್ಷಣದಲ್ಲಿಯೇ ತಪ್ಪುತ್ತದೆ. ಗಾಜಿಗೆ ಕೊನೆಯ ಲಕ್ಷಣವೂ ಇಲ್ಲ.

ರಾಯಚೂರು ಜಿಲ್ಲೆಯ ನೆಲವೇ ಇದಕ್ಕೆ ಪಾಠಶಾಲೆ. 1915ರಲ್ಲಿ ಅಶೋಕನ ಹೆಸರುಳ್ಳ ಶಾಸನವು ಬೆಳಕಿಗೆ ಬಂದ ಮಸ್ಕಿಯ ಸುತ್ತಲೂ ಗ್ರಾನೈಟ್ ಜಾತಿಯ ಬಂಡೆಗಳಿವೆ. ಬಂಡೆಯು ಖನಿಜವಲ್ಲ, ಶಿಲೆ. ಅದರಲ್ಲಿ ಬೆಣಚು, ಫೆಲ್ಡ್‌ಸ್ಪಾರ್, ಅಭ್ರಕ ಎಂಬ ಬೇರೆ ಬೇರೆ ಖನಿಜಗಳು ಕೂಡಿಕೊಂಡಿರುತ್ತವೆ. ಗಾಜನ್ನು ಗೀರಬಲ್ಲ ಗಾಜಿನಂಥ ಕಣವು ಬೆಣಚು. ಉಗುರಿಗೆ ಹಾಳೆ ಹಾಳೆಯಾಗಿ ಏಳುವುದು ಅಭ್ರಕ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಬೆಣಚಿನ ಪದರಗಳೊಳಗೆ ಚಿನ್ನವಿದೆ. ಅಲ್ಲಿ ಕಣ್ಣನ್ನು ಮೋಸಗೊಳಿಸುವ ಪೈರೈಟ್ ಎಂಬ ಹಳದಿ ಖನಿಜವೂ ಇದೆ. ಹೊಳಪಿಲ್ಲದ ಬಿಳಿಯ ಹೆಂಚಿನ ಮೇಲೆ ಉಜ್ಜಿದರೆ ಚಿನ್ನವು ಹಳದಿಯ ಗೆರೆಯನ್ನೂ ಪೈರೈಟ್ ಹಸಿರು ಮಿಶ್ರಿತ ಕಪ್ಪು ಗೆರೆಯನ್ನೂ ಬಿಡುತ್ತವೆ. ಸುತ್ತಿಗೆಯ ಪೆಟ್ಟಿಗೆ ಚಿನ್ನವು ತಗಡಾಗುತ್ತದೆ, ಪೈರೈಟ್ ಪುಡಿಯಾಗುತ್ತದೆ. ಮೇಲಿನ ಬಣ್ಣವನ್ನು ನಂಬಲಾಗದು.

ಸಿಂಧನೂರಿನ ಕಪ್ಪು ಮಣ್ಣಿನ ಹೊಲಗಳಲ್ಲಿ ಸಿಕ್ಕುವ ಸುಣ್ಣದ ಹರಳುಗಳ ಮೇಲೆ ನಿಂಬೆರಸವನ್ನು ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಕ್ಯಾಲ್ಸೈಟ್ ಖನಿಜದ ಗುರುತು ಅದು. ಆದರೆ ಕಪ್ಪೆಚಿಪ್ಪಿನ ಮೇಲೆ ಹಿಂಡಿದರೂ ನೊರೆಯೇಳುವುದು. ಚಿಪ್ಪು ಪ್ರಾಣಿಯ ದೇಹದಿಂದ ಆದುದು. ಆದುದರಿಂದ ಪರೀಕ್ಷೆಯೊಂದೇ ಸಾಲದು. ವಸ್ತುವಿನ ಹುಟ್ಟನ್ನೂ ವಿಚಾರಿಸಬೇಕು.

ಈಗ ತಟ್ಟೆಯ ಕಡೆಗೆ ಮರಳೋಣ. ಕಲ್ಲುಸಕ್ಕರೆಗೆ ಹರಳಿನ ಕ್ರಮವಿದೆ. ಆದರೆ ಅದರ ಮೂಲವು ಕಬ್ಬಿನ ರಸ. ಕಾದ ಹಂಚಿನ ಮೇಲೆ ಅದು ಕರಗಿ, ಕಂದಾಗಿ, ಇದ್ದಲಾಗುತ್ತದೆ. ಸೈಂಧವವು ನೆಲದೊಳಗೆ ತಾನಾಗಿ ಉಂಟಾದ ಉಪ್ಪು. ಹಂಚಿನ ಮೇಲೆ ಚಟಪಟನೆ ಸಿಡಿಯಬಹುದು, ಇದ್ದಲಾಗದು. ಒಡೆದರೆ ಚೌಕನೆಯ ಮುಖಗಳು ಕಾಣುತ್ತವೆ. ಸಮುದ್ರದ ಉಪ್ಪಿನಲ್ಲಿಯೂ ಇದರಲ್ಲಿಯೂ ಮುಖ್ಯವಾಗಿರುವುದು ಸೋಡಿಯಂ ಕ್ಲೋರೈಡ್ ಎಂಬ ಒಂದೇ ವಸ್ತು.

ಮೂಲಾಚಾರವು ಪೃಥ್ವಿಯ 36 ಭೇದಗಳಲ್ಲಿ ಉಪ್ಪು, ಚಿನ್ನ, ಅಭ್ರಕಗಳನ್ನು ಎಣಿಸುತ್ತದೆ. ಆಗಮದ ಪ್ರಶ್ನೆ ಜೀವವನ್ನು ಕುರಿತದ್ದು. ಖನಿಜಶಾಸ್ತ್ರದ ಪ್ರಶ್ನೆ ರಚನೆಯನ್ನು ಕುರಿತದ್ದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಹೊಂದಿಸಬಾರದು.

ಗೃಹಸ್ಥನು ತಿಳಿಯಬೇಕಾದುದು ಇಷ್ಟು: ಉಪ್ಪನ್ನೇ ತ್ಯಜಿಸುವೆನೆಂದು ನಿಯಮ ತೊಟ್ಟು, ‘ಇದು ಕಲ್ಲು’ ಎಂದು ಸೈಂಧವವನ್ನು ಸಾರಿಗೆ ಹಾಕಿಕೊಂಡವನು ಹೆಸರನ್ನು ಬಿಟ್ಟನೇ ಹೊರತು ರಸವನ್ನು ಬಿಡಲಿಲ್ಲ. ಸಿಹಿಯನ್ನು ಬಿಟ್ಟವನಿಗೆ ಕಲ್ಲುಸಕ್ಕರೆಯೂ ಸಕ್ಕರೆಯೇ. ನಿಯಮ ಸ್ವೀಕರಿಸುವ ಮುನ್ನವೇ ಬಿಡುವ ವಸ್ತು ಯಾವುದೆಂದು ಸ್ಪಷ್ಟಪಡಿಸಿಕೊಂಡರೆ, ಅಡುಗೆಮನೆಯಲ್ಲಿ ಸಂದೇಹವೂ ಮನಸ್ಸಿನಲ್ಲಿ ಶಲ್ಯವೂ ಉಳಿಯುವುದಿಲ್ಲ.