ಹುಸಿದೂರಿನ ಹೊಣೆ



ತಾವು ಮೊಳಕಾಲ್ಮೂರಿನ ನೇಕಾರರೊಬ್ಬರಿಂದ ತಮ್ಮ ಚಳ್ಳಕೆರೆಯ ಅಂಗಡಿಗೆಂದು ರೇಷ್ಮೆ ಸೀರೆಗಳನ್ನು ತರಿಸಿ, ಫೋನಿನ ಮೂಲಕವೇ ಹಣ ಸಲ್ಲಿಸಿ, ಬಳಿಕ ಜರಿಯ ಗುಣದ ವಿಷಯದಲ್ಲಿ ಮನಸ್ತಾಪವುಂಟಾದುದರಿಂದ, ಅಪರಿಚಿತನೊಬ್ಬನು ವಂಚಿಸಿದನೆಂಬುದಾಗಿ 1930 ಸೈಬರ್ ಸಹಾಯವಾಣಿಗೆ ದೂರಿತ್ತು ಆ ನೇಕಾರರ ಖಾತೆಯನ್ನು ಸ್ತಂಭನಗೊಳಿಸಿದ ವೃತ್ತಾಂತವನ್ನು ಓದಿದೆನು. ಆ ಸಹಾಯವಾಣಿಯು ವಂಚಕರ ಪಾಲಾದ ಹಣವನ್ನು ಬ್ಯಾಂಕುಗಳಲ್ಲಿಯೇ ತಡೆಹಿಡಿಯುವುದಕ್ಕಾಗಿ ಏರ್ಪಟ್ಟದ್ದೇ ಹೊರತು ವ್ಯಾಪಾರದ ತಕರಾರನ್ನು ತೀರಿಸುವುದಕ್ಕಲ್ಲ. ಮಗ್ಗವನ್ನೇ ನಂಬಿದವರ ಖಾತೆ ನಿಂತರೆ ನೂಲಿಗೂ ಕೂಲಿಗೂ ಹಣವಿರದೆಂಬುದು ತಾವು ಅರಿಯದ ಸಂಗತಿಯೇನಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 217ನೆಯ ಕಲಮಿನಂತೆ, ಪರರಿಗೆ ಹಾನಿಯಾಗಲೆಂದು ಸರ್ಕಾರಿ ಅಧಿಕಾರಿಗೆ ಬುದ್ಧಿಪೂರ್ವಕವಾಗಿ ಸುಳ್ಳು ಮಾಹಿತಿಯಿತ್ತವರಿಗೆ 1 ವರ್ಷದವರೆಗೆ ಸೆರೆ, 10,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ನಿರಾಧಾರವೆಂದು ಅರಿತೂ ಹಾನಿಯ ಉದ್ದೇಶದಿಂದ ಅಪರಾಧವನ್ನೇ ಹೊರಿಸಿದರೆ, 248ನೆಯ ಕಲಮಿನ ಮೇರೆಗೆ 5 ವರ್ಷದವರೆಗೆ ಸೆರೆ, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಸಾಕ್ಷ್ಯಾಭಾವದಿಂದ ಬಿದ್ದುಹೋದ ದೂರೆಲ್ಲವೂ ಸುಳ್ಳುದೂರಾಗದು. ಆದರೆ ತಿಂಗಳುಗಟ್ಟಲೆ ವಾಟ್ಸ್‌ಆ್ಯಪಿನಲ್ಲಿ ಮಾತನಾಡಿದವರನ್ನು ಅಪರಿಚಿತರೆಂದ ತಮಗೆ ಆ ಆಶ್ರಯ ದೊರೆಯುವುದು ದುಸ್ಸಾಧ್ಯ.

ಆದಕಾರಣ ತಡಮಾಡದೆ ವಕೀಲರೊಬ್ಬರನ್ನು ಕಂಡು, ಅವರ ಸಲಹೆಯಂತೆ, ಚಿತ್ರದುರ್ಗದ ಸಿ.ಇ.ಎನ್. (ಸೈಬರ್, ಆರ್ಥಿಕ ಮತ್ತು ಮಾದಕದ್ರವ್ಯ ಅಪರಾಧಗಳ) ಪೊಲೀಸ್ ಠಾಣೆಯ ತನಿಖಾಧಿಕಾರಿಗೆ ನಿಜಸ್ಥಿತಿಯನ್ನು ಲಿಖಿತವಾಗಿ ತಿಳಿಸತಕ್ಕದ್ದು. ದೂರನ್ನು ಹಿಂತೆಗೆದ ಮಾತ್ರಕ್ಕೆ ಅಪರಾಧವು ಅಳಿಯದಾದರೂ ನೇಕಾರರ ಖಾತೆಯಾದರೂ ಬೇಗನೆ ಬಿಡುಗಡೆಯಾದೀತು. ಜರಿಯ ವ್ಯಾಜ್ಯಕ್ಕೆ ಸಿವಿಲ್ ನ್ಯಾಯಾಲಯವಿದೆ. ಮಾರುವುದಕ್ಕೆಂದು ಕೊಂಡ ಸರಕಾದುದರಿಂದ ಗ್ರಾಹಕರ ಆಯೋಗವು ತಮ್ಮ ಅಹವಾಲನ್ನು ಸ್ವೀಕರಿಸುವುದು ಸಂದೇಹ.