ವಸಂತದ ಹೂಚಿಗುರು: ಶ್ರಾವಕರ ವಿವೇಕ

ಚೈತ್ರಮಾಸದಲ್ಲಿ ನ್ಯಾಮತಿ ತಾಲ್ಲೂಕಿನ ಸವಳಂಗದ ಸುತ್ತಲೂ ಬೇವು ಹೂ ತಳೆಯುತ್ತದೆ, ಹುಣಸೆ ಚಿಗುರುತ್ತದೆ, ಕೆರೆಯಂಚಿನಲ್ಲಿ ಹೊನಗೊನೆ ಸೊಪ್ಪು ಹಬ್ಬುತ್ತದೆ. ಬಿತ್ತದೆ ಬೆಳೆದ ಇವನ್ನು ಕೊಯ್ದು ತರುವುದರಲ್ಲಿ ದೋಷವೇನೆಂದು ಕೆಲವರು ಕೇಳುವುದುಂಟು. ಬೆಲೆಯಿಲ್ಲದೆ ದೊರೆತುದೆಲ್ಲವೂ ಹಿಂಸೆಯಿಲ್ಲದೆ ದೊರೆತುದೆಂದು ಭಾವಿಸಲಾಗದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗಪರಿಮಾಣ ವ್ರತವನ್ನು ವಿವರಿಸುವಾಗ ಮೂಲಂಗಿ, ಹಸಿಶುಂಠಿ, ಬೆಣ್ಣೆಗಳೊಡನೆ ಬೇವಿನ ಹೂವನ್ನೂ ಕೇದಗೆಯನ್ನೂ ತ್ಯಾಜ್ಯವೆಂದಿದ್ದಾರೆ. ಫಲ ಅಲ್ಪ, ಜೀವಘಾತ ಬಹಳವೆಂಬುದೇ ಕಾರಣ. ಎಸಳುಗಳ ನಡುವೆ ಅಡಗಿದ ಸೂಕ್ಷ್ಮ ಕೀಟಗಳನ್ನು ತೊಳೆದು ಬೇರ್ಪಡಿಸುವುದು ಸಾಧ್ಯವಿಲ್ಲ. ಆದುದರಿಂದ ಯುಗಾದಿಯ ಬೇವುಬೆಲ್ಲದಲ್ಲಿ ಹೂವನ್ನು ಬಿಟ್ಟರೆ ಹಬ್ಬಕ್ಕೆ ಕೊರತೆಯಾಗದು. ಸುಖದುಃಖಗಳಲ್ಲಿ ಸಮಭಾವವೇ ಅದರ ತಿರುಳು. ಅದನ್ನು ನೆನೆಯಲು ಹೂವೇ ಬೇಕೆಂದಿಲ್ಲ. ನೆರೆಯವರು ಪ್ರೀತಿಯಿಂದ ತಂದಿತ್ತರೆ ನಮ್ಮ ನಿಯಮವನ್ನು ವಿನಯದಿಂದ ತಿಳಿಸಬೇಕು.

ಸೊಪ್ಪಿನ ವಿಷಯದಲ್ಲಿ, ಹೆಸರು ಗುಣ ತಿಳಿಯದುದನ್ನು ಮುಟ್ಟಲಾಗದು. ತಿಳಿದುದನ್ನೂ ಬೇರುಸಹಿತ ಕೀಳದೆ, ಬೇಕಾದಷ್ಟೇ ಚಿವುಟಿ, ಹಗಲಿನಲ್ಲಿಯೇ ಎಲೆಯೆಲೆಯಾಗಿ ಬಿಡಿಸಿ, ಎರಡೂ ಬದಿ ನೋಡಿ, ಸೋಸಿದ ನೀರಿನಲ್ಲಿ ತೊಳೆದು ಬೇಯಿಸಬೇಕು. ಸಚಿತ್ತತ್ಯಾಗ ಪ್ರತಿಮೆಯನ್ನು ಧರಿಸಿದವರು ಸೊಪ್ಪು, ಚಿಗುರು, ಹೂಗಳನ್ನು ಹಸಿಯಾಗಿ ಸೇವಿಸರು. ಅಷ್ಟಮಿ, ಚತುರ್ದಶಿಗಳಂದು ಹಸಿರನ್ನು ತ್ಯಜಿಸುವವರಿಗೆ ಕಾಡಿನ ಸೊಪ್ಪೂ ಹಸಿರೇ ಎಂಬುದನ್ನು ಮನೆಯ ಮಕ್ಕಳಿಗೂ ತಿಳಿಸಿರಿ.